ಕುಶಾಲಿಗೆ ಮಾಡಿದ್ದು ಮಾರಾಯ

ಶನಿವಾರ, ಶಾಲೆಯ ವಾರ್ಷಿಕೋತ್ಸವದ ರಾತ್ರಿ. ಮೈದಾನದ ತುಂಬ ಊರವರು. ಒಂದು ಬದಿಯಲ್ಲಿ ಚರುಮುರಿ ಗಾಡಿ, ಇನ್ನೊಂದು ಬದಿಯಲ್ಲಿ ಐಸ್‌ಕ್ರೀಮ್. ವೇದಿಕೆಯಲ್ಲಿ ಮಕ್ಕಳ ಯಕ್ಷಗಾನ. ಏಳನೇ ತರಗತಿಯ ಹುಡುಗನೊಬ್ಬ ಬಬ್ರುವಾಹನನಾಗಿದ್ದಾನೆ. ಚೆಂಡೆಯ ಪೆಟ್ಟು ಏರುತ್ತಿದ್ದಂತೆ ಅವನು ಹಾರಿ ಸುತ್ತುತ್ತಾ ದಿಗಿಣ ಹಾಕತೊಡಗಿದ. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಕಿರೀಟ ಜಾರಿ ಕಣ್ಣಿಗೆ ಬಂತು. ಹುಡುಗ ತಡವರಿಸಿ ದೊಪ್ಪನೆ ಕೂತೇಬಿಟ್ಟ. ಸಭೆಯೆಲ್ಲ ಗೊಳ್ಳೆಂದಿತು. ಅವನೂ ನಕ್ಕ. ಕಿರೀಟ ಸರಿ ಮಾಡಿಕೊಂಡು ಎದ್ದ, ಭಾಗವತರು ಮುಂದಿನ ಪದ ಎತ್ತಿಕೊಂಡರು, ಆಟ ಸಾಗಿತು.

ಈ ಹುಡುಗ ನಾನು ಕಲ್ಪಿಸಿಕೊಂಡವನು. ಅವನ ಊರು ಬಂಟ್ವಾಳವೆಂದರೆ ಬಂಟ್ವಾಳ, ಬೆಳ್ತಂಗಡಿಯೆಂದರೆ ಬೆಳ್ತಂಗಡಿ, ಮೂಡುಬಿದಿರೆಯೆಂದರೆ ಮೂಡುಬಿದಿರೆ. ನಿಮ್ಮ ತರಗತಿಯಲ್ಲೇ ಮೂರನೇ ಬೆಂಚಿನಲ್ಲಿ ಕೂತಿರಲೂಬಹುದು.

ಮರುದಿನ ಬೆಳಿಗ್ಗೆ ತರಗತಿಯ ವಾಟ್ಸಾಪ್ ಗ್ರೂಪಿಗೆ ಹನ್ನೊಂದು ಸೆಕೆಂಡಿನ ಒಂದು ವಿಡಿಯೋ ಬಂತು. ಕಿರೀಟ ಜಾರುವುದು, ಹುಡುಗ ಬೀಳುವುದು, ಅಷ್ಟೇ. ಬೀಳುವಲ್ಲಿಗೆ ಯಾರೋ ಒಂದು ವಿಚಿತ್ರ ಸದ್ದು ಸೇರಿಸಿದ್ದರು. ಮಧ್ಯಾಹ್ನಕ್ಕೆ ಅದೊಂದು ಸ್ಟಿಕ್ಕರ್ ಆಯಿತು. ಸಂಜೆಗೆ ಹುಡುಗನಿಗೆ ಅಡ್ಡಹೆಸರು ಬಿತ್ತು. ಸೋಮವಾರ ಬಸ್ಸಿನಲ್ಲಿ ಬೇರೆ ಶಾಲೆಯ, ಮುಖಪರಿಚಯವೂ ಇಲ್ಲದ ಹುಡುಗರು ಅದೇ ಹೆಸರಿನಿಂದ ಕರೆದು ನಕ್ಕರು. ಮಂಗಳವಾರ ಹುಡುಗನಿಗೆ ಹೊಟ್ಟೆನೋವು. ಬುಧವಾರವೂ ಹೊಟ್ಟೆನೋವು. ವಿಡಿಯೋ ಹಾಕಿದವನನ್ನು ಯಾರೋ ಕೇಳಿದರೆ ಅವನ ಉತ್ತರ ಒಂದೇ: "ಕುಶಾಲಿಗೆ ಮಾಡಿದ್ದು ಮಾರಾಯ. ಅಷ್ಟಕ್ಕೆಲ್ಲ ಯಾಕೆ ಬೇಜಾರು?"

ಕುಶಾಲು ಎಂಬ ಮಾತು ನನಗೆ ಬಹಳ ಇಷ್ಟ. ಘಟ್ಟದ ಮೇಲಿನವರಿಗೆ ಅಷ್ಟಾಗಿ ಬಳಕೆಯಿಲ್ಲ, ಕರಾವಳಿಯ ನಮಗೆ ದಿನನಿತ್ಯದ್ದು. ಅಜ್ಜ ಮೊಮ್ಮಗಳ ಜಡೆ ಎಳೆದು ಓಡುವುದು ಕುಶಾಲು. ಯಕ್ಷಗಾನದ ಹಾಸ್ಯಗಾರ ಅರಸನಿಗೇ ಎದುರುತ್ತರ ಕೊಡುವುದು ಕುಶಾಲು. ಇಂಥ ಮಾತಿನ ಹಿಂದೆ ಯಾರಾದರೂ ಅಡಗಿ ಕೂತು ಇನ್ನೊಬ್ಬರಿಗೆ ಕಲ್ಲೆಸೆದರೆ ನನಗೆ ಸಂಕಟವಾಗುತ್ತದೆ. ಕುಶಾಲು ಹೌದೋ ಅಲ್ಲವೋ ಎಂದು ತಿಳಿಯುವುದು ಸುಲಭ. ಇಬ್ಬರೂ ನಗಬೇಕು. ಶನಿವಾರ ರಾತ್ರಿ ಹುಡುಗನೂ ನಕ್ಕಿದ್ದ, ಹಾಗಾಗಿ ಅದು ಕುಶಾಲು. ಮಂಗಳವಾರ ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ನಗುತ್ತಿದ್ದರು.

ಬಿದ್ದದ್ದು ಅದೇ ಹುಡುಗ, ಜಾರಿದ್ದು ಅದೇ ಕಿರೀಟ. ಹಾಗಾದರೆ ನಡುವೆ ಬದಲಾದದ್ದು ಏನು? ಮಳೆಗೆ ಮೊದಲು ಇರುವೆ ಯಾಕೆ ಸಾಲು ಕಟ್ಟುತ್ತದೆ ಎಂದು ಕೇಳುವಂತೆಯೇ ಇದನ್ನೂ ಕೇಳಬಹುದು. ವಿಜ್ಞಾನಿಗಳು ಕೇಳಿದ್ದಾರೆ.

ನಾರ್ವೆ ದೇಶದ ಬರ್ಗೆನ್‌ನಲ್ಲಿದ್ದ ಡಾನ್ ಓಲ್ವೇಯಸ್ ಎಂಬ ಮನೋವಿಜ್ಞಾನಿ 1970ರ ದಶಕದಿಂದ ಶಾಲಾ ಮಕ್ಕಳ ನಡುವಿನ ಹಿಂಸೆಯನ್ನು ಅಭ್ಯಾಸ ಮಾಡಿದರು. ಎಲ್ಲ ಜಗಳವೂ ಪೀಡನೆಯಲ್ಲ ಎಂದರು ಅವರು. ನೋಯಿಸಬೇಕೆಂಬ ಉದ್ದೇಶ, ಮತ್ತೆ ಮತ್ತೆ ಮಾಡುವುದು, ಒಬ್ಬನ ಕೈ ಮೇಲಾಗಿ ಇನ್ನೊಬ್ಬನಿಗೆ ತಿರುಗಿ ನಿಲ್ಲಲಾಗದ ಸ್ಥಿತಿ, ಈ ಮೂರೂ ಸೇರಿದರೆ ಅದು ಪೀಡನೆ. ಅದೇ ಪೀಡನೆ ಫೋನಿನಲ್ಲಿ, ಆಟದ ಆ್ಯಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ನಡೆದರೆ ಸೈಬರ್ ಪೀಡನೆ ಎನ್ನುತ್ತೇವೆ.

ಇಲ್ಲೊಂದು ತೊಡಕಿದೆ. ವಿಡಿಯೋ ಹಾಕಿದವನು ಹಾಕಿದ್ದು ಒಂದೇ ಸಲ. ಒಂದು ಸಲ ಬೆರಳು ಒತ್ತಿದ, ಆಮೇಲೆ ಹೋಗಿ ಕ್ರಿಕೆಟ್ ಆಡಿದ. ಮತ್ತೆ ಮತ್ತೆ ಮಾಡಿದ್ದು ಯಾರು? ನೋಡಿದವರು, ಕಳಿಸಿದವರು. ನೂರು ಜನ ವಿಡಿಯೋ ತೆರೆದರೆ ಆ ಹುಡುಗ ನೂರು ಸಲ ಬೀಳುತ್ತಾನೆ. ಶನಿವಾರ ರಾತ್ರಿ ಅವನು ಬಿದ್ದದ್ದು ಒಮ್ಮೆ ಮಾತ್ರ.

ನಾನು ಐದನೇ ತರಗತಿಯಲ್ಲಿದ್ದಾಗ ಯಾರೋ ಶಾಲೆಯ ಹಿಂದಿನ ಗೋಡೆಯಲ್ಲಿ ಮಸಿಯಿಂದ ನನ್ನ ಅಡ್ಡಹೆಸರು ಬರೆದಿದ್ದರು. ಅದನ್ನು ನೋಡಬೇಕಾಗುತ್ತದೆಂದು ನಾನು ಸುತ್ತು ಬಳಸಿ ತರಗತಿಗೆ ಹೋಗುತ್ತಿದ್ದೆ. ಆದರೆ ಸಂಜೆ ನಾಲ್ಕಕ್ಕೆ ಗಂಟೆ ಹೊಡೆದ ಮೇಲೆ ಆ ಗೋಡೆ ನನ್ನ ಹಿಂದೆ ಬರುತ್ತಿರಲಿಲ್ಲ. ಮನೆ, ದನದ ಹಟ್ಟಿ, ತೋಟ, ಅಮ್ಮ ಸುಟ್ಟ ಹಲಸಿನ ಹಪ್ಪಳ, ಇವುಗಳ ನಡುವೆ ನನಗೆ ನನ್ನ ಸರಿಯಾದ ಹೆಸರೇ ಇತ್ತು. ಜೂನ್ ತಿಂಗಳ ಮೊದಲ ಜಡಿಮಳೆ ಗೋಡೆಯನ್ನು ತೊಳೆದೇಬಿಟ್ಟಿತು. ನಮ್ಮ ಬಬ್ರುವಾಹನನ ಗೋಡೆ ಅವನ ಕಿಸೆಯಲ್ಲೇ ಇದೆ. ರಾತ್ರಿ ದಿಂಬಿನ ಪಕ್ಕದಲ್ಲಿ ಮಿಣುಕುತ್ತದೆ. ಅದಕ್ಕೆ ಮಳೆ ತಾಗುವುದಿಲ್ಲ.

"ಪೆಟ್ಟು ಕೊಟ್ಟದ್ದಲ್ಲವಲ್ಲ, ಬರೀ ಫೋನ್ ತಾನೇ, ಬದಿಗಿಟ್ಟರಾಯಿತು" ಎಂದು ದೊಡ್ಡವರು ಹೇಳುವುದುಂಟು. ಇದಕ್ಕೆ ಉತ್ತರವಾಗಿ ನನಗೆ ನೆನಪಾಗುವುದು ಒಂದು ತಟ್ಟೆಯ ಕಥೆ. ಕಿಪ್ಲಿಂಗ್ ವಿಲಿಯಮ್ಸ್ ಎಂಬ ಮನೋವಿಜ್ಞಾನಿ ಒಂದು ದಿನ ತನ್ನ ನಾಯಿಯ ಜೊತೆ ಪಾರ್ಕಿನಲ್ಲಿ ಕೂತಿದ್ದರು. ಇಬ್ಬರು ಅಪರಿಚಿತರು ಎಸೆದು ಹಿಡಿದು ಆಡುತ್ತಿದ್ದ ಫ್ರಿಸ್ಬೀ ತಟ್ಟೆ ಉರುಳಿ ಇವರ ಬಳಿ ಬಂತು. ಇವರು ಎದ್ದು ಎಸೆದರು. ಅವರು ತಿರುಗಿ ಇವರಿಗೇ ಎಸೆದರು. ಮೂವರ ಆಟ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲಿ ಆ ಇಬ್ಬರೂ, ಏನೊಂದೂ ಹೇಳದೆ, ಇವರಿಗೆ ಎಸೆಯುವುದನ್ನು ನಿಲ್ಲಿಸಿದರು. ಆ ಅಪರಿಚಿತರ ಆಟ ಸಿಕ್ಕರೆಷ್ಟು ಬಿಟ್ಟರೆಷ್ಟು? ಆದರೂ ವಿಲಿಯಮ್ಸರ ಎದೆಯಲ್ಲಿ ಏನೋ ಕುಸಿಯಿತು. ತಾನು ಇಷ್ಟು ನೊಂದುಕೊಂಡದ್ದು ಯಾಕೆಂದು ಅವರಿಗೇ ಆಶ್ಚರ್ಯವಾಯಿತು. ನೋವನ್ನು ನುಂಗಿ ಸುಮ್ಮನಾಗದೆ ಅದನ್ನೇ ಪ್ರಶ್ನೆಯಾಗಿ ಎತ್ತಿಕೊಂಡದ್ದಕ್ಕೆ ನಾನು ಅವರನ್ನು ಮೆಚ್ಚುತ್ತೇನೆ.

ಆ ಆಟವನ್ನೇ ಕಂಪ್ಯೂಟರಿಗೆ ತಂದು 'ಸೈಬರ್‌ಬಾಲ್' ಎಂದು ಹೆಸರಿಟ್ಟರು. ಪರದೆಯ ಮೇಲೆ ಮೂರು ಗೊಂಬೆಗಳು, ಒಂದು ಚೆಂಡು. ಆಡುವವರಿಗೆ ಉಳಿದ ಎರಡು ಗೊಂಬೆಗಳನ್ನು ಬೇರೆ ಕೋಣೆಯ ಜನ ಆಡಿಸುತ್ತಿದ್ದಾರೆ ಎಂದು ಹೇಳಿರುತ್ತಾರೆ. ನಿಜವಾಗಿ ಆಡಿಸುವುದು ಕಂಪ್ಯೂಟರ್. ಕೆಲವು ಎಸೆತಗಳ ನಂತರ ಚೆಂಡು ಇವರ ಕಡೆ ಬರುವುದೇ ಇಲ್ಲ. 2003ರಲ್ಲಿ ನಯೋಮಿ ಐಸೆನ್‌ಬರ್ಗರ್, ಮ್ಯಾಥ್ಯೂ ಲೀಬರ್‌ಮನ್ ಮತ್ತು ವಿಲಿಯಮ್ಸ್ ಸೇರಿ 13 ಮಂದಿಯನ್ನು ಮಿದುಳಿನ ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಈ ಆಟ ಆಡಿಸಿದರು. ಚೆಂಡು ಸಿಗದೇ ಹೋದಾಗ ಮಿದುಳಿನ ನಡುಭಾಗದ, ಮುಂಬದಿಯ ಒಂದು ಪಟ್ಟಿ ಚುರುಕಾಯಿತು. ಮೈಗೆ ಪೆಟ್ಟು ಬಿದ್ದು ಸಂಕಟವಾಗುವಾಗ ಚುರುಕಾಗುವ ಜಾಗವೂ ಅದೇ.

ಬೆರಳು ಬಾಗಿಲಿಗೆ ಸಿಕ್ಕಿದ ನೋವೂ ಗ್ರೂಪಿನಿಂದ ಹೊರಗೆ ಹಾಕಿದ ನೋವೂ ಒಂದೇ ಎಂದು ಇದರ ಅರ್ಥವಲ್ಲ. 2014ರಲ್ಲಿ ಬೇರೆ ವಿಜ್ಞಾನಿಗಳು ಇನ್ನೂ ಸೂಕ್ಷ್ಮವಾಗಿ ನೋಡಿ, ಜಾಗ ಒಂದೇ ಆದರೂ ಮಿದುಳಿನ ಜೀವಕೋಶಗಳು ಮಿಡಿಯುವ ವಿನ್ಯಾಸ ಬೇರೆ ಬೇರೆ ಎಂದು ತೋರಿಸಿದರು. ಒಂದೇ ರಂಗಸ್ಥಳದಲ್ಲಿ ಒಂದು ದಿನ ಒಂದು ಪ್ರಸಂಗ, ಇನ್ನೊಂದು ದಿನ ಇನ್ನೊಂದು ಪ್ರಸಂಗ ಆಡಿದಂತೆ. ವಿಜ್ಞಾನದಲ್ಲಿ ಹೀಗೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾ ಹೋಗುವುದು ಒಳ್ಳೆಯದೇ. ತಿದ್ದುಪಡಿಯ ನಂತರವೂ ಉಳಿದದ್ದು ಇಷ್ಟು: ಆ ನೋವು ಮಿದುಳಿನಲ್ಲಿ ನಿಜವಾಗಿ ನಡೆಯುತ್ತದೆ. ನೊಂದವನು ನಾಟಕ ಮಾಡುತ್ತಿಲ್ಲ.

ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು 2004ರ ಇನ್ನೊಂದು ಪ್ರಯೋಗ. ಅದರಲ್ಲಿ ಕೆಲವರಿಗೆ ಮೊದಲೇ ಸತ್ಯ ಹೇಳಿಬಿಟ್ಟರು, "ನಿಮ್ಮ ಜೊತೆ ಆಡುವುದು ಮನುಷ್ಯರಲ್ಲ, ಕಂಪ್ಯೂಟರ್" ಎಂದು. ಚೆಂಡು ಬಾರದಾಗ ಅವರಿಗೂ ಬೇಸರವಾಯಿತು! ಯಂತ್ರ ಕೈಬಿಟ್ಟರೂ ನೋಯುವಂತೆ ನಮ್ಮ ಮಿದುಳು ಕಟ್ಟಲ್ಪಟ್ಟಿದೆ. ಕಾಡಿನಲ್ಲಿ ಗುಂಪಾಗಿ ಬದುಕಿದ ನಮ್ಮ ಹಿರಿಯರಿಗೆ ಗುಂಪಿನಿಂದ ಹೊರಬೀಳುವುದೆಂದರೆ ಹುಲಿಯ ಬಾಯಿಗೆ ಬೀಳುವುದೇ ಆಗಿತ್ತು. ಆ ಕಾಲದ ಎಚ್ಚರಿಕೆಯ ಗಂಟೆ ಇವತ್ತೂ ನಮ್ಮೊಳಗೆ ಮೊಳಗುತ್ತದೆ. ಹಾಗಿರುವಾಗ ಬಸ್ಸಿನ ಅಪರಿಚಿತ ಹುಡುಗರ ನಗು ನಮ್ಮ ಬಬ್ರುವಾಹನನನ್ನು ಚುಚ್ಚದೆ ಇರುವುದು ಹೇಗೆ?

ಇನ್ನು ಚುಚ್ಚುವವರ ಕಡೆ ನೋಡೋಣ. 2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿಯ ಫಲಿತಾಂಶ ಬಂತು. ಇಡೀ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಅಂಕ ಶೇಕಡಾ 98.5. ಅವಳ ಫೋಟೋ ಎಲ್ಲೆಡೆ ಹೋಯಿತು. ಸಾವಿರಾರು ಮಂದಿ ಅಂಕವನ್ನು ಬಿಟ್ಟು ಅವಳ ಮುಖದ ಮೇಲಿನ ರೋಮದ ಬಗ್ಗೆ ಬರೆದರು. ಬರೆದವರಲ್ಲಿ ಹೆಚ್ಚಿನವರು ಅವಳನ್ನು ಕಂಡವರೇ ಅಲ್ಲ. ಅವಳ ಮನೆಯ ಜಗಲಿಯಲ್ಲಿ ಎದುರುಬದುರು ಕೂತಿದ್ದರೆ ಅವರಲ್ಲಿ ಎಷ್ಟು ಜನ ಆ ಮಾತನ್ನು ಬಾಯಿಬಿಟ್ಟು ಹೇಳುತ್ತಿದ್ದರು?

ಇಸ್ರೇಲಿನ ಹೈಫಾ ವಿಶ್ವವಿದ್ಯಾಲಯದಲ್ಲಿ ಇದನ್ನೇ ಪರೀಕ್ಷಿಸಿದರು. ಪರಸ್ಪರ ಗೊತ್ತಿಲ್ಲದ 142 ಮಂದಿಯನ್ನು ಜೋಡಿ ಜೋಡಿಯಾಗಿ ಮಾಡಿ, ಒಂದು ಕಷ್ಟದ ವಿಷಯ ಕೊಟ್ಟು, ಕಂಪ್ಯೂಟರಿನಲ್ಲಿ ಬರೆದು ವಾದಿಸಲು ಹೇಳಿದರು. ಕೆಲವರಿಗೆ ಹೆಸರು ಗೊತ್ತಿತ್ತು, ಕೆಲವರಿಗೆ ಇಲ್ಲ. ಕೆಲವರು ಕ್ಯಾಮೆರಾದಲ್ಲಿ ಕಾಣುತ್ತಿದ್ದರು, ಕೆಲವರು ಇಲ್ಲ. ಇನ್ನು ಕೆಲವರಿಗೆ ಎದುರಿನವರ ಕಣ್ಣೇ ನೇರವಾಗಿ ಕಾಣುವಂತೆ ಕ್ಯಾಮೆರಾ ಇಟ್ಟಿದ್ದರು. ಹೆಸರು ಮುಚ್ಚಿಟ್ಟವರೇ ಹೆಚ್ಚು ಕೆಟ್ಟದಾಗಿ ಬೈಯುತ್ತಾರೆ ಎಂದು ನಾನಾದರೆ ಊಹಿಸುತ್ತಿದ್ದೆ. 2012ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಹೇಳಿತು. ನಾಲಗೆ ಹರಿಯಬಿಡಲು ಮುಖ್ಯ ಕಾರಣ ಕಣ್ಣಿಗೆ ಕಣ್ಣು ಸೇರದೆ ಇದ್ದದ್ದು.

ನಮ್ಮ ನೇತ್ರಾವತಿಯನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕುದುರೆಮುಖ, ಚಾರ್ಮಾಡಿಯ ಕಡೆ ಘಟ್ಟದಲ್ಲಿ ಮಳೆ ಸುರಿಯುತ್ತದೆ. ಬೆಳ್ತಂಗಡಿ ತಾಲೂಕಿನ ತೊರೆಗಳೆಲ್ಲ ಸೇರಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನೂ ಕೂಡಿಕೊಂಡು ಹೊಳೆ ಕೆಳಗೆ ಹರಿಯುತ್ತದೆ. ಬಂಟ್ವಾಳದಲ್ಲಿ ಹನಿ ಮಳೆ ಇಲ್ಲದಿದ್ದರೂ ಪೇಟೆಗೆ ನೀರು ನುಗ್ಗಬಹುದು. 1923ರ ನೆರೆಯನ್ನು ತುಳುವಿನಲ್ಲಿ ಮಾರಿಬೊಳ್ಳ ಎಂದೇ ನೆನೆಯುತ್ತಾರೆ. 1974ರ ನೆರೆಯನ್ನು ಕಣ್ಣಾರೆ ಕಂಡವರು ಬಂಟ್ವಾಳ, ಪಾಣೆಮಂಗಳೂರಿನಲ್ಲಿ ಇವತ್ತೂ ಇದ್ದಾರೆ, ಕೇಳಿ ನೋಡಿ. ಘಟ್ಟದ ಮೇಲೆ ನಿಂತವನಿಗೆ ಕಾಣುವುದು ಮೋಡ ಮತ್ತು ಮಂಜು. ಕೆಳಗೆ ಅಂಗಡಿಯೊಳಗೆ ಸೊಂಟಮಟ್ಟ ನೀರಿನಲ್ಲಿ ಅಕ್ಕಿ ಗೋಣಿ ಎತ್ತುವವನ ಮುಖ ಅವನಿಗೆ ಕಾಣುವುದಿಲ್ಲ. ವಿಡಿಯೋ ಹಾಕಿದ ಹುಡುಗ ಘಟ್ಟದ ಮೇಲಿದ್ದ. ನಮ್ಮ ಬಬ್ರುವಾಹನ ಬಂಟ್ವಾಳ ಪೇಟೆಯಲ್ಲಿದ್ದ.

ಈಗ ನೆರೆಯ ಲೆಕ್ಕ ಮಾಡೋಣ, ಪೆನ್ಸಿಲ್ ತೆಗೆದುಕೊಳ್ಳಿ. 2018ರ ಜುಲೈಯಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಮಿತಿ ಹಾಕಿತು. ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. ಐದು ಎಂದರೆ ಕಡಿಮೆ ಅನ್ನಿಸುತ್ತದೆ ಅಲ್ಲವೇ? ಒಬ್ಬ ಐವರಿಗೆ ಕಳಿಸಲಿ. ಆ ಐವರು ತಲಾ ಐದು ಹೊಸಬರಿಗೆ ಕಳಿಸಲಿ, 25. ಮುಂದೆ 125, ಆಮೇಲೆ 625, 3,125, 15,625, 78,125, 3,90,625. ಒಂಬತ್ತನೇ ಸುತ್ತಿಗೆ 19,53,125. ಇಷ್ಟನ್ನೂ ಕೂಡಿಸಿದರೆ 24,41,405. ದಕ್ಷಿಣ ಕನ್ನಡ ಜಿಲ್ಲೆಯ ಒಟ್ಟು ಜನಸಂಖ್ಯೆ 2011ರ ಜನಗಣತಿಯಲ್ಲಿ 20,89,649. ತೊಟ್ಟಿಲಿನ ಮಗುವಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜಿಯವರೆಗೆ ಎಲ್ಲರಿಗೂ ತಲುಪಿ ಇನ್ನೂ ಮಿಕ್ಕುವಷ್ಟು! ಪ್ರತಿ ಸುತ್ತಿಗೆ ಹತ್ತು ನಿಮಿಷ ಹಿಡಿದರೆ ಒಟ್ಟು ಒಂದೂವರೆ ಗಂಟೆ. ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದವರು ಧರ್ಮಸ್ಥಳದಲ್ಲಿ ಇಳಿಯಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ನಿಜ ಜೀವನದಲ್ಲಿ ಲೆಕ್ಕ ಇಷ್ಟು ಕರಾರುವಾಕ್ಕಾಗಿ ನಡೆಯುವುದಿಲ್ಲ. ಒಬ್ಬರಿಗೇ ಎರಡು ಕಡೆಯಿಂದ ಬರುತ್ತದೆ, ಕೆಲವರು ತೆರೆದು ನೋಡುವುದೇ ಇಲ್ಲ. ಆದರೆ ಗುಣಾಕಾರದ ವೇಗ ಅಂಥದ್ದು. 2020ರ ಏಪ್ರಿಲ್‌ನಲ್ಲಿ ವಾಟ್ಸಾಪ್, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸುವಂತೆ ಮಿತಿಯನ್ನು ಇನ್ನೂ ಬಿಗಿ ಮಾಡಿತು. ಅಂಥ ಸಂದೇಶಗಳ ಓಡಾಟ ಶೇಕಡಾ 70ರಷ್ಟು ಇಳಿಯಿತೆಂದು ಆ ಕಂಪನಿಯೇ ಹೇಳಿತು.

ಮೂಡುಬಿದಿರೆಯ ಮಕ್ಕಳಿಗೆ ಇದಕ್ಕೆ ತದ್ವಿರುದ್ಧವಾದ ಒಂದು ಕಥೆ ಗೊತ್ತಿರಬೇಕು. ಅಲ್ಲಿನ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲ ಎಂಬ ತಾಳೆಗರಿಯ ಗ್ರಂಥಗಳಿವೆ. ಶತಮಾನಗಳ ಕಾಲ ಅವು ಆ ಊರು ಬಿಟ್ಟು ಕದಲಲಿಲ್ಲ. ಪ್ರತಿ ಮಾಡಬೇಕೆಂದರೆ ಓದಬಲ್ಲವರೊಬ್ಬರು ಎದುರು ಕೂತು ಅಕ್ಷರ ಅಕ್ಷರವಾಗಿ ಬರೆಯಬೇಕು, ವರ್ಷಗಟ್ಟಲೆ. ಕೊನೆಗೆ ಧವಲದ ಮೊದಲ ಸಂಪುಟ ಅಚ್ಚಾಗಿ ಬಂದದ್ದು 1939ರಲ್ಲಿ. ಬರೆಯುವ ಕೈ ಪ್ರತಿ ಅಕ್ಷರದ ಮುಂದೆಯೂ ಒಂದು ಗಳಿಗೆ ನಿಲ್ಲಲೇಬೇಕಿತ್ತು. ನಮ್ಮ ಹೆಬ್ಬೆರಳಿಗೆ ಆ ಗಳಿಗೆ ಇಲ್ಲ.

ಆ ಗಳಿಗೆಯನ್ನು ತಿರುಗಿ ತಂದುಕೊಡಲು ಹೊರಟವಳು ಒಬ್ಬ ಹುಡುಗಿ. ಅಮೆರಿಕದ ಇಲಿನಾಯ್ ರಾಜ್ಯದ ತ್ರಿಶಾ ಪ್ರಭು, ಭಾರತ ಮೂಲದವಳು, 2013ರಲ್ಲಿ ಅವಳಿಗೆ 13 ವರ್ಷ. ಹಣೆಯ ಹಿಂದಿರುವ, ಹಿಂದುಮುಂದು ಯೋಚಿಸುವ ಮಿದುಳಿನ ಭಾಗ ಪೂರ್ತಿ ಬಲಿಯಲು ಸುಮಾರು 25 ವರ್ಷ ಬೇಕು ಎಂದು ಅವಳು ಓದಿದ್ದಳು. ಹಾಗಾದರೆ ಕೆಟ್ಟ ಮಾತು ಟೈಪ್ ಮಾಡಿದ ಕೂಡಲೇ ಫೋನೇ ಒಮ್ಮೆ ತಡೆದು, "ಇದರಿಂದ ನೋವಾಗಬಹುದು, ಕಳಿಸಲೇಬೇಕೇ?" ಎಂದು ಕೇಳಿದರೆ? ಅವಳ ಪ್ರಯೋಗದಲ್ಲಿ ಹೀಗೆ ಕೇಳಿದಾಗ ಹದಿಹರೆಯದವರು ನೂರಕ್ಕೆ 93 ಸಲ ಮನಸ್ಸು ಬದಲಿಸಿದರು. 2014ರ ಗೂಗಲ್ ಸೈನ್ಸ್ ಫೇರ್‌ನಲ್ಲಿ ಅವಳು ಅಂತಿಮ ಸುತ್ತಿಗೆ ಬಂದಳು. 'ರೀಥಿಂಕ್' ಎಂಬ ಆ್ಯಪ್ ಹುಟ್ಟಿದ್ದು ಹೀಗೆ. ಈ 93ರ ಲೆಕ್ಕ ನನಗೆ ದೊಡ್ಡ ಧೈರ್ಯ ಕೊಡುತ್ತದೆ. ಮಕ್ಕಳು ಕೆಟ್ಟವರಾಗಿ ಕಳಿಸುವುದಲ್ಲ, ನಿಲ್ಲದೆ ಕಳಿಸುವುದು.

ಈಗ ಪೆನ್ಸಿಲಿನ ಲೆಕ್ಕಕ್ಕೆ ಇನ್ನೊಮ್ಮೆ ಬನ್ನಿ. ಮೊದಲ ಸುತ್ತಿನ ಐವರಲ್ಲಿ ಒಬ್ಬಳು ವಿಡಿಯೋ ನೋಡಿ ಫಾರ್ವರ್ಡ್ ಮಾಡಲಿಲ್ಲ ಎಂದಿಟ್ಟುಕೊಳ್ಳಿ. ಬೇರೇನೂ ಮಾಡಲಿಲ್ಲ, ಫೋನ್ ಬದಿಗಿಟ್ಟು ಊಟಕ್ಕೆ ಹೋದಳು. ಅವಳಿಂದ ಮುಂದೆ ಹೋಗಬೇಕಾಗಿದ್ದ 4,88,280 ಮಂದಿಗೆ ಅದು ಹೋಗುವುದೇ ಇಲ್ಲ. ಒಂದು ಹೆಬ್ಬೆರಳು! ತುಂಬೆಯಲ್ಲಿ ನೇತ್ರಾವತಿಗೆ ಕಟ್ಟಿದ ಅಣೆಕಟ್ಟಿಗೆ ಎಷ್ಟು ಕಾಂಕ್ರೀಟು ಹೋಗಿರಬಹುದು ನೋಡಿ.

ಹೀಗಿದ್ದೂ ನಾವು ಸಾಮಾನ್ಯವಾಗಿ ಸುಮ್ಮನೆ ನೋಡುತ್ತೇವೆ, ಯಾಕೆ? ಕೆನಡಾದ ಟೊರಾಂಟೊದಲ್ಲಿ ಸಂಶೋಧಕರು ಶಾಲಾ ಮೈದಾನಗಳಲ್ಲಿ ಕ್ಯಾಮೆರಾ ಮತ್ತು ಪುಟ್ಟ ಮೈಕ್ ಇಟ್ಟು ಮಕ್ಕಳ ಆಟ ಚಿತ್ರೀಕರಿಸಿದ್ದರು. 2001ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಒಂದು ಮಗು ಇನ್ನೊಂದು ಮಗುವನ್ನು ಪೀಡಿಸುವಾಗ ನೂರರಲ್ಲಿ 88 ಸಲ ಬೇರೆ ಮಕ್ಕಳು ಅಲ್ಲೇ ಇದ್ದರು. ಅವರು ನಡುವೆ ಬಂದದ್ದು 19 ಸಲ ಮಾತ್ರ. ಆದರೆ ಬಂದಾಗ ಏನಾಯಿತು ಗೊತ್ತೇ? ಅರ್ಧಕ್ಕಿಂತ ಹೆಚ್ಚು ಸಲ, ನೂರಕ್ಕೆ 57ರಂತೆ, ಹತ್ತೇ ಸೆಕೆಂಡಿನಲ್ಲಿ ಪೀಡನೆ ನಿಂತಿತು. ಹತ್ತು ಸೆಕೆಂಡು ಎಂದರೆ ಆ ವಿಡಿಯೋಕ್ಕಿಂತ ಒಂದು ಸೆಕೆಂಡು ಕಡಿಮೆ.

ಗುಂಪು ದೊಡ್ಡದಾದಷ್ಟೂ "ಯಾರಾದರೂ ಹೇಳಿಯಾರು" ಎಂದು ಪ್ರತಿಯೊಬ್ಬನೂ ಕಾಯುತ್ತಾನೆ. ಅಮೆರಿಕದ ಡಾರ್ಲಿ ಮತ್ತು ಲಟಾನೆ 1968ರಲ್ಲೇ ಇದನ್ನು ತೋರಿಸಿದ್ದರು. ಯಾರಿಗೋ ತೊಂದರೆಯಾದ ಸದ್ದು ಕೇಳಿದಾಗ, ತಾನೊಬ್ಬನೇ ಕೇಳಿಸಿಕೊಂಡದ್ದು ಎಂದುಕೊಂಡವರಲ್ಲಿ ಶೇಕಡಾ 85 ಮಂದಿ ಆ ವ್ಯಕ್ತಿಯ ಸದ್ದು ನಿಲ್ಲುವ ಮೊದಲೇ ಎದ್ದು ಹೋದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಎಂದುಕೊಂಡವರಲ್ಲಿ ಶೇಕಡಾ 31 ಮಾತ್ರ. ನಿಮ್ಮ ತರಗತಿಯ ಗ್ರೂಪಿನಲ್ಲಿ ಎಷ್ಟು ಮಂದಿ ಇದ್ದೀರಿ? ಫಿನ್‌ಲ್ಯಾಂಡಿನ ತುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಲ್ಮಿವಲ್ಲಿ ಮತ್ತು ಜೊತೆಗಾರರು ಇದನ್ನೇ ಹಿಡಿದುಕೊಂಡು 'ಕಿವಾ' ಎಂಬ ಪಾಠಕ್ರಮ ಕಟ್ಟಿದರು. ಪೀಡಿಸಿದವನನ್ನು ಶಿಕ್ಷಿಸುವುದಕ್ಕಿಂತ ನೋಡುವ ಮಕ್ಕಳಿಗೆ ಕಲಿಸುವುದರ ಮೇಲೆ ಅಲ್ಲಿ ಒತ್ತು. 2009ರಿಂದ ಅದು ಆ ದೇಶದ ಹೆಚ್ಚಿನ ಶಾಲೆಗಳಿಗೆ ಹಬ್ಬಿತು.

ಇನ್ನು ನಮ್ಮ ಹುಡುಗ, ಹೊಟ್ಟೆನೋವೆಂದು ಮುಸುಕು ಹಾಕಿ ಮಲಗಿದವನು. ಅವನು ಮಾಡಬೇಕಾದ ಮೊದಲ ಕೆಲಸ ಯಾರಾದರೊಬ್ಬರಿಗೆ ಹೇಳುವುದು. ಅಮ್ಮ, ಅಪ್ಪ, ದೊಡ್ಡಮ್ಮ, ಪಕ್ಕದ ಮನೆಯ ಅಕ್ಕ, ಕನ್ನಡ ಟೀಚರ್, ಯಾರಾದರೂ ಆದೀತು. "ನನಗೆ ನಾಚಿಕೆಯಾಗುತ್ತಿದೆ, ಹೆದರಿಕೆಯಾಗುತ್ತಿದೆ" ಎಂದು ಬಾಯಿಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಹಿರಿಯರು ಹೇಳುವುದಕ್ಕೂ ಆಧಾರವಿದೆ. ಹಿಂದೆ ಹೇಳಿದ ಲೀಬರ್‌ಮನ್ನರೇ 2007ರಲ್ಲಿ ತೋರಿಸಿದಂತೆ, ಭಾವನೆಗೆ ಮಾತಿನಲ್ಲಿ ಹೆಸರಿಟ್ಟಾಗ ಮಿದುಳಿನೊಳಗಿನ, ಬಾದಾಮಿಯಷ್ಟು ಗಾತ್ರದ ಅಮಿಗ್ಡಲ ಎಂಬ ಭಯದ ಗಂಟೆ ಸ್ವಲ್ಪ ತಣ್ಣಗಾಗುತ್ತದೆ.

ಆದರೆ ಮಕ್ಕಳು ಹೇಳುವುದಿಲ್ಲ. ಯಾಕೆಂದು ಎಲ್ಲರಿಗೂ ಗೊತ್ತು: ಹೇಳಿದರೆ ಮೊದಲು ಫೋನ್ ಹೋಗುತ್ತದೆ. ಮಕ್ಕಳ ಹೆಗಲ ಮೇಲಿಂದ ಇಣುಕಿ ಇದನ್ನು ಓದುತ್ತಿರುವ ದೊಡ್ಡವರೇ, ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ಮಗು ಬಂದು ಹೇಳಿದ ದಿನ ಫೋನ್ ಕಿತ್ತುಕೊಳ್ಳಬೇಡಿ. "ನೀನ್ಯಾಕೆ ಅಲ್ಲಿಗೆ ಹೋದದ್ದು?" ಎಂದು ಕೇಳಬೇಡಿ. ಪೆಟ್ಟು ತಿಂದವನಿಗೇ ಶಿಕ್ಷೆಯಾದರೆ ಇನ್ನೊಮ್ಮೆ ಅವನು ಬರಲಾರ. 2021ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಸುಳ್ಯ ತಾಲೂಕಿನ ಗುತ್ತಿಗಾರಿನ ಬಳಿಯ ಒಂದು ಫೋಟೋ ದೇಶವನ್ನೆಲ್ಲ ಸುತ್ತಿತ್ತು, ನೆನಪಿದೆಯೇ? ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ಮಗಳು ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಪಕ್ಕದಲ್ಲಿ ಕೊಡೆ ಹಿಡಿದು ನಿಂತಿದ್ದಾರೆ. ಫೋನಿನೊಳಗಿಂದ ಮಳೆ ಸುರಿಯುವಾಗಲೂ ಬೇಕಾದದ್ದು ಅದೇ ಕೊಡೆ.

ಹೇಳಿದ ಮೇಲೆ ಮಾಡುವ ಕೆಲಸಗಳಿವೆ. ಸಿಟ್ಟಿನಲ್ಲಿ ತಿರುಗಿ ಬೈದು ಬರೆಯಬಾರದು, ಅದರದ್ದೂ ಸ್ಕ್ರೀನ್‌ಶಾಟ್ ಆಗುತ್ತದೆ. ಬಂದದ್ದನ್ನು ಅಳಿಸುವ ಮೊದಲು ದಿನಾಂಕ, ನಂಬರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಕು. ಆಮೇಲೆ ಬ್ಲಾಕ್, ರಿಪೋರ್ಟ್. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಮನಸ್ಸು ಮಾಡಿದರೆ ಬೇರೆಯವರು ಹಾಕಿದ ಸಂದೇಶವನ್ನೂ ಗ್ರೂಪಿನಿಂದ ಅಳಿಸಬಹುದು. ಹಾಗಾಗಿ ಅಡ್ಮಿನ್ ಆದವನದು ಬರೀ ಹೆಸರಿಗಿರುವ ಹುದ್ದೆಯಲ್ಲ. ಯಾರಾದರೂ ಬೆದರಿಸಿದರೆ, ಹಣ ಕೇಳಿದರೆ, ನಿಮ್ಮ ಹೆಸರಿನಲ್ಲಿ ಸುಳ್ಳು ಖಾತೆ ತೆರೆದರೆ, ಖಾಸಗಿ ಫೋಟೋ ಹರಡಿದರೆ, ಅದು ಶಾಲೆಯೊಳಗೆ ಮುಗಿಸುವ ಮಾತಲ್ಲ, ಪೊಲೀಸರ ವಿಷಯ. ಮಕ್ಕಳ ಸಹಾಯವಾಣಿ 1098, ದುಡ್ಡಿಲ್ಲದೆ, ಹಗಲು ರಾತ್ರಿ. ಸೈಬರ್ ಅಪರಾಧಕ್ಕೆ 1930. ಮನಸ್ಸು ತೀರಾ ಕುಗ್ಗಿ ಮಾತಾಡಬೇಕೆನಿಸಿದರೆ ಟೆಲಿ ಮನಸ್, 14416, ಕನ್ನಡದಲ್ಲೇ ಮಾತಾಡಬಹುದು. ಬಂಟ್ವಾಳ, ಬೆಳ್ತಂಗಡಿ ಠಾಣೆಗಳು ಜಿಲ್ಲಾ ಎಸ್‌ಪಿಯವರ ಕೆಳಗೆ, ಮೂಡುಬಿದಿರೆ ಠಾಣೆ ಮಂಗಳೂರು ಪೊಲೀಸ್ ಕಮಿಷನರರ ಕೆಳಗೆ ಬರುತ್ತದೆ. ನಿಮಗೆ ಆ ಚಿಂತೆ ಬೇಡ, ಹತ್ತಿರದ ಠಾಣೆಗೆ ಹೋದರಾಯಿತು.

ಖಾಸಗಿ ಫೋಟೋದ ಮಾತು ಬಂತು, ಒಂದು ಸೊಗಸಾದ ವಿಜ್ಞಾನ ಹೇಳಿಬಿಡುತ್ತೇನೆ. 18 ವರ್ಷದೊಳಗಿನವರಿಗಾಗಿ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆಯಿದೆ. ಅದು ಫೋಟೋವನ್ನು ಕೇಳುವುದಿಲ್ಲ. ನಿಮ್ಮ ಫೋನಿನೊಳಗೇ ಆ ಫೋಟೋದಿಂದ ಅಂಕಿ ಅಕ್ಷರಗಳ ಉದ್ದನೆಯ ಒಂದು ಗುರುತು ತಯಾರಾಗುತ್ತದೆ, ಫೋಟೋದ ಬೆರಳಚ್ಚು ಎನ್ನಿ. ಬೆರಳಚ್ಚು ನೋಡಿ ಮನುಷ್ಯನ ಮುಖ ಬಿಡಿಸಲಾಗದಂತೆ ಆ ಗುರುತಿನಿಂದ ಫೋಟೋ ಮರಳಿ ಮಾಡಲಾಗದು. ಗುರುತು ಮಾತ್ರ ಈ ಸೇವೆಗೆ ಸೇರಿಕೊಂಡ ಜಾಲತಾಣ ಕಂಪನಿಗಳಿಗೆ ಹೋಗುತ್ತದೆ, ಅದಕ್ಕೆ ಹೊಂದುವ ಫೋಟೋ ತಮ್ಮಲ್ಲಿ ಕಂಡರೆ ಅವರು ತೆಗೆಯುತ್ತಾರೆ. ಅಂದರೆ ತಪ್ಪಾಗಿಹೋಯಿತು, ಇನ್ನೇನೂ ಉಳಿದಿಲ್ಲ ಎಂದು ಯಾವ ಮಗುವೂ ಕತ್ತಲೆಯಲ್ಲಿ ಕೂರಬೇಕಾಗಿಲ್ಲ.

ವಿಡಿಯೋ ಹಾಕಿದವನ ಬಗ್ಗೆಯೂ ನನಗೆ ಕಾಳಜಿಯಿದೆ. ಅವನಿಗೂ ಹನ್ನೆರಡೇ ವರ್ಷ. ಹಾಕಿ ಎರಡು ದಿನ ದಾಟಿರದಿದ್ದರೆ ಅವನೇ ಅದನ್ನು ಗ್ರೂಪಿನ ಎಲ್ಲರಿಗೂ ಕಾಣದಂತೆ ಅಳಿಸಬಹುದು. "ನಾನು ಹಾಕಿದ್ದು ತಪ್ಪಾಯಿತು, ದಯವಿಟ್ಟು ಎಲ್ಲರೂ ಅಳಿಸಿ" ಎಂದು ಅದೇ ಗ್ರೂಪಿನಲ್ಲಿ ಬರೆಯಬಹುದು. ಆಮೇಲೆ ಫೋನ್ ಬಿಟ್ಟು ಹುಡುಗನ ಮನೆಗೆ ಹೋಗಬೇಕು, ಹೈಫಾದವರು ಕಂಡುಕೊಂಡದ್ದು ಅದೇ ತಾನೇ, ಕಣ್ಣು ಕಣ್ಣು ನೋಡಬೇಕು. ಅಂಗಳದಲ್ಲಿ ನಿಂತು ಹೇಳಲು ಬಹಳ ಕಷ್ಟವಾಗುತ್ತದೆ. ಕಷ್ಟವಾದರೆ ಒಳಗಿನ ಮನುಷ್ಯ ಸರಿಯಿದ್ದಾನೆ ಎಂದು ಲೆಕ್ಕ.

ನೀವು ಇವರಿಬ್ಬರೂ ಅಲ್ಲದಿರಬಹುದು. ಗ್ರೂಪಿನಲ್ಲಿ ನಲವತ್ತು ಮಂದಿಯ ಎದುರು "ಇದು ಸರಿಯಲ್ಲ" ಎಂದು ಬರೆಯುವ ಧೈರ್ಯವೂ ನಿಮಗೆ ಇಲ್ಲದಿರಬಹುದು. ನನಗೂ ಆ ವಯಸ್ಸಿನಲ್ಲಿ ಇರುತ್ತಿರಲಿಲ್ಲ. ಗೋಡೆಯ ಮೇಲೆ ನನ್ನ ಹೆಸರು ಬರೆದಿದ್ದ ದಿನಗಳಲ್ಲಿ ಒಬ್ಬ ಹುಡುಗ ಏನೂ ಹೇಳದೆ ನನ್ನ ಜೊತೆ ಸುತ್ತು ದಾರಿಯಲ್ಲೇ ತರಗತಿಗೆ ಬರುತ್ತಿದ್ದ. ಗೋಡೆಗೆ ಬರೆದವರು ಯಾರೆಂಬುದು ನನಗೆ ಮರೆತುಹೋಗಿದೆ. ಅವನ ಚಪ್ಪಲಿಯ ಸದ್ದು ನೆನಪಿದೆ. ಗ್ರೂಪಿನಲ್ಲಿ ಬರೆಯಲಾಗದಿದ್ದರೆ ಆ ಹುಡುಗನೊಬ್ಬನಿಗೇ ಬರೆಯಿರಿ. ಉದ್ದ ಬೇಡ, ವಿಡಿಯೋದ ಮಾತೂ ಬೇಡ. ಇಷ್ಟು ಸಾಕು:

"ನಾಲ್ಕು ದಿಗಿಣ ಲಾಯ್ಕ ಹಾಕಿದ್ದಿ ನೀನು. ನಾಳೆ ಬಸ್ಸಿಗೆ ಒಟ್ಟಿಗೆ ಹೋಗುವಾ?"